ಎಂಟನೇ ನಂಬರಿನ ಅಂಗಿ ಮತ್ತು ನಾನು ಕರೆಯದ ಹೆಸರು

ಅಕ್ಷತಾ, ತಮ್ಮಾ,

ನಾನು ಇಂಗ್ಲೆಂಡಿನಿಂದ ತಿರುಗಿ ಬಂದು ಹದಿನೈದು ದಿನವಾಯಿತು. ಅಕ್ಷತಾ, ಅರಮನೆ ನೋಡಿದೆನೋ ಇಲ್ಲವೋ ಎಂದು ನೀನು ಕೇಳಿದೆ. ತಮ್ಮಾ, ವಿಮಾನದ ಕಿಟಕಿ ತೆಗೆಯಲು ಬರುತ್ತದೆಯೇ ಎಂದು ನೀನು ಕೇಳಿದೆ. ಅರಮನೆ ನೋಡಲಿಲ್ಲ. ಕಿಟಕಿ ತೆಗೆಯಲು ಬರುವುದಿಲ್ಲ. ಖಾತ್ರಿಯಾಗಲೆಂದು ನಾನೇ ಒಮ್ಮೆ ಎಳೆದು ನೋಡಿದೆ. ಪಕ್ಕದಲ್ಲಿ ಮಲಗಿದ್ದವರು ಎದ್ದು ಕುಳಿತು ದೇವರನ್ನು ನೆನೆದರು.

ನಾನು ಹೇಳಬೇಕಾದದ್ದು ಬೇರೆ ಇದೆ. ಎದುರಿಗೆ ಕುಳಿತು ಹೇಳಲು ನನಗೆ ಬಾರದು. ನಾನು ಕಲಿತದ್ದು ನಮ್ಮ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ಅಲ್ಲಿಯೂ ಗುರುಗಳು ಪ್ರಶ್ನೆ ಕೇಳಿದರೆ ಪಾಟಿಯ ಮೇಲೆ ಉತ್ತರ ಬರೆದು ತೋರಿಸುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ಈಗಲೂ ಅದನ್ನೇ ಮಾಡುತ್ತಿದ್ದೇನೆ.

ಮೇಲೆ ಮೊಮ್ಮಗಳ ಹೆಸರು ಬರೆದು, ಮೊಮ್ಮಗನಿಗೆ ಬರೀ ತಮ್ಮಾ ಎಂದು ಬರೆದದ್ದನ್ನು ನೀವು ನೋಡಿದ್ದೀರಿ. ತಮ್ಮನಿಗೆ ಇದು ಹೊಸದಲ್ಲ. ಹುಟ್ಟಿ ಹನ್ನೊಂದು ವರ್ಷವಾದರೂ ನನ್ನ ಬಾಯಲ್ಲಿ ಅವನಿಗೆ ಹೆಸರಿಲ್ಲ. ಏಕೆಂದರೆ ಅವನದು ನಿಮ್ಮ ಮುತ್ಯಾನ, ಅಂದರೆ ನನ್ನ ಗಂಡನ ಹೆಸರು. ಹಿರಿಯರು ಹೋದ ಮೇಲೆ ಹುಟ್ಟಿದ ಮೊದಲ ಗಂಡು ಕೂಸಿಗೆ ತೊಟ್ಟಿಲಲ್ಲಿ ಅವರ ಹೆಸರನ್ನೇ ಇಡುವುದು ನಮ್ಮ ಪದ್ಧತಿ. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಬಾರದು ಎನ್ನುವುದೂ ನಮ್ಮ ಪದ್ಧತಿ. ಈ ಎರಡು ಪದ್ಧತಿ ಮಾಡಿದವರು ಒಬ್ಬರನ್ನೊಬ್ಬರು ಕೇಳಿಕೊಂಡಂತೆ ಕಾಣುವುದಿಲ್ಲ.

ಹುನಗುಂದದ ಬಸ್ ಸ್ಟ್ಯಾಂಡು

ನನ್ನ ಮಗಳು, ನಿಮ್ಮ ಸೋದರತ್ತೆ ಸುನಂದಾಳಿಗೆ ಇಂಗ್ಲೆಂಡಿನಲ್ಲಿ ಕೂಸು ಹುಟ್ಟಿತು, ಬಾಣಂತನಕ್ಕೆ ನಾನು ಹೊರಟೆ. ಹೊರಡುವ ಹಿಂದಿನ ದಿನ ಪೆಟ್ಟಿಗೆಗೆ ಖಾರಪುಡಿ ತುಂಬುತ್ತಿದ್ದಾಗ ತಮ್ಮಾ, ನೀನು ಬಂದು ಬಾಗಿಲಿಗೆ ಒರಗಿ ನಿಂತೆ.

"ಆಯಿ, ನನ್ನ ಹೆಸರು ನಿನಗ ಸೇರೂದಿಲ್ಲೇನು?"

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಎಲ್ಲಾರೂ ಕರೀತಾರ. ನೀ ಒಬ್ಬಾಕಿ ಕರಿಯಂಗಿಲ್ಲ."

"ಆ ಹಗ್ಗ ಇತ್ತ ಕೊಡು," ಎಂದೆ. ನೀನು ಕೊಟ್ಟೆ. ನಾನು ಪೆಟ್ಟಿಗೆ ಕಟ್ಟಿದೆ. ಅದಕ್ಕೆ ಬೀಗ ಇತ್ತು, ಹಗ್ಗದ ಅವಶ್ಯಕತೆ ಇರಲಿಲ್ಲ. ಆ ಪ್ರಶ್ನೆಯೂ ಪೆಟ್ಟಿಗೆಯ ಜೊತೆ ವಿಮಾನ ಹತ್ತಿತು.

ಮರುದಿನ ಬಾಗಲಕೋಟೆಯ ಬಸ್ಸಿಗೆ ಕಾಯುತ್ತಿದ್ದಾಗ ಬಾದಾಮಿಯ ಬಸ್ಸು ಬಂದು ನಿಂತಿತು. ಅದನ್ನು ನಿಮ್ಮ ಮುತ್ಯಾ ಇಪ್ಪತ್ತಾರು ವರ್ಷ ಓಡಿಸಿದರು. ಜನ ಅದಕ್ಕೆ ಅವರ ಹೆಸರು ಹಿಡಿದೇ ಇಂಥವರ ಬಸ್ಸು ಎನ್ನುತ್ತಿದ್ದರು. ನಾನು ಮಾತ್ರ "ನಮ್ಮನಿಯವರ ಬಸ್ಸು" ಎನ್ನುತ್ತಿದ್ದೆ. ಅವರು ನೌಕರಿ ಮುಗಿಸಿದ ಮರುದಿನ ಮುಂಜಾನೆ ಬೇರೆ ಯಾರೋ ಅದೇ ಸೀಟಿನ ಮೇಲೆ ಕುಳಿತು ಅದೇ ಹಾರ್ನು ಬಾರಿಸಿದರು. ಒಂದು ದಿನವಾದರೂ ಬಸ್ಸನ್ನು ಸುಮ್ಮನೆ ನಿಲ್ಲಿಸಬಾರದಿತ್ತೇ ಎಂದು ನನಗೆ ಸಿಟ್ಟು ಬಂದಿತ್ತು. ಅವರು ನಕ್ಕು, "ಬಸ್ ನಿಲ್ಲಿಸಿದ್ರ ಬಾದಾಮಿಗಿ ಹೋಗೋರು ನನ್ನ ಹೆಸರಿನ ಮ್ಯಾಲ ಕುಂತು ಹೋಗ್ತಾರೇನು?" ಎಂದಿದ್ದರು.

ಗಾಜಿನ ಕಿಟಕಿ

ಇಂಗ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕುಳಿತ ಅಧಿಕಾರಿ ಏನೋ ಕೇಳಿದ. ನಾನು ಸುನಂದಾ ಬರೆದು ಕಳಿಸಿದ್ದ ಚೀಟಿ ತೋರಿಸಿದೆ. ಇನ್ನೇನೋ ಕೇಳಿದ. ಅದೇ ಚೀಟಿಯನ್ನು ತಿರುಗಿಸಿ ತೋರಿಸಿದೆ. ಅವನಿಗೆ ಬೇಸರ ಬರಲಿಲ್ಲ, ಅಲ್ಲಿಯವರಿಗೆ ಬೇಸರ ಬಂದರೂ "ಸಾರಿ" ಎನ್ನುತ್ತಾರೆ. ಯಾರಿಗೋ ಫೋನು ಹಚ್ಚಿ ನನ್ನ ಮುಂದೆ ಇಟ್ಟ. ಫೋನಿನೊಳಗಿನಿಂದ ಮೈಸೂರು ಕಡೆಯ ಒಬ್ಬರು ರೇಡಿಯೋದಲ್ಲಿ ವಾರ್ತೆ ಓದಿದಂತೆ ಮಾತಾಡಿದರು.

"ಅಮ್ಮಾ, ದಯವಿಟ್ಟು ತಮ್ಮ ಪತಿಯ ಹೆಸರನ್ನು ತಿಳಿಸುತ್ತೀರಾ?"

ಪಾಸ್‌ಪೋರ್ಟಿನಲ್ಲಿ ಬರೆದಿದೆ. ಆದರೆ ಅದು ಗಾಜಿನ ಆಚೆ ಅವನ ಕೈಯಲ್ಲಿತ್ತು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಹೆಂಗಸರು ಹೇಗೆ ಹೇಳುತ್ತಾರೋ ಹಾಗೆಯೇ ಹೇಳಿದೆ. "ಕೃಷ್ಣಾ ಮಲಪ್ರಭಾ ಕೂಡ್ತಾವಲ್ರಿ, ಅಲ್ಲಿರೋ ದೇವ್ರ ಹೆಸರ್ರಿ."

"ಕ್ಷಮಿಸಿ, ನದಿಯ ಹೆಸರು ಕೇಳಲಿಲ್ಲ, ಪತಿಯ ಹೆಸರು."

"ಅದನ್ನ ಹೇಳಾಕತ್ತೇನ್ರಿ. ಅಲ್ಲಿ ಗುಡಿ ಐತಿ. ನೀವು ಹೋಗಿಲ್ಲೇನು?"

ಅವರು ಹೋಗಿರಲಿಲ್ಲ. ಇಂಗ್ಲಿಷಿನಲ್ಲಿ ಅಧಿಕಾರಿಗೆ ಏನೋ ಹೇಳಿದರು. ಅಧಿಕಾರಿ ನನ್ನನ್ನು ಬಹಳ ಮರ್ಯಾದೆಯಿಂದ ನೋಡಿದ. ನನ್ನ ಗಂಡ ಎರಡು ನದಿಗಳ ನಡುವೆ ಇರುವ ದೇವರು ಎಂದು ಅವನಿಗೆ ಮುಟ್ಟಿತ್ತಂತೆ, ಸುನಂದಾ ಆಮೇಲೆ ಊಹಿಸಿದಳು. ಕೊನೆಗೆ ಅವನೇ ಪಾಸ್‌ಪೋರ್ಟಿನ ಹಿಂದಿನ ಪುಟ ತೆಗೆದು ಹೆಸರನ್ನು ಜೋರಾಗಿ ಓದಿದ. ಅರ್ಧ ಹೆಸರು ಕೆಟ್ಟೇ ಹೋಯಿತು. ಆದರೂ ನಾನು ತಲೆ ತಗ್ಗಿಸಿ ಸೆರಗು ಸರಿ ಮಾಡಿಕೊಂಡೆ.

ಹೊಗೆಯ ದಿನ

ಸುನಂದಾ ಇರುವುದು ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ. ಆ ಊರಿನ ಹೆಸರು ನಾನು ಬರೆಯುವುದಿಲ್ಲ, ಅಲ್ಲಿಯ ಜನ ನನ್ನನ್ನು ನಂಬಿ ಮನೆಯ ಮಾತು ಆಡಿದ್ದಾರೆ. ಸುನಂದಾ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸು, ಅಳಿಯ ಲಾರಿ ಓಡಿಸುತ್ತಾರೆ. ಮಹಡಿಯ ಮೇಲೆ ಇವರು, ಕೆಳಗೆ ಮನೆಯ ಒಡತಿ ಮಾರ್ಗರೆಟ್ ಬಾಯಾರು. ಅವರಿಗೆ ಎಪ್ಪತ್ತೆಂಟು, ನನಗಿಂತ ಹನ್ನೆರಡು ವರ್ಷ ಹಿರಿಯರು. ಅವರಿಗೂ ಗಂಡ ಇಲ್ಲ.

ಹೋದ ಮೂರನೆಯ ದಿನ ಕೂಸಿಗೆ ಎರೆದು, ತೆಂಗಿನ ಚಿಪ್ಪನ್ನು ಗ್ಯಾಸಿನ ಮೇಲೆ ಕೆಂಡ ಮಾಡಿ, ಲೋಬಾನ ಹಾಕಿ ಹೊಗೆ ಹಿಡಿದೆ. ನಿಮಗಿಬ್ಬರಿಗೂ ಹಿಡಿದದ್ದೇ. ಆ ದೇಶದಲ್ಲಿ ಮನೆಯ ಮಾಳಿಗೆಗೆ ಹೊಗೆ ಮೂಸುವ ಯಂತ್ರದ ಮೂಗು ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದು ಕೂಗಿಕೊಂಡ ರೀತಿಗೆ ನಮ್ಮ ಓಣಿಯ ನಾಯಿಗಳೆಲ್ಲ ಊರು ಬಿಡುತ್ತಿದ್ದವು. ಸುನಂದಾ ಟವೆಲ್ ಬೀಸುತ್ತ ಓಡಾಡಿದಳು. ಮಾರ್ಗರೆಟ್ ಬಾಯಾರು ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ದಪ್ಪ ಕಂಬಳಿ ಹಿಡಿದು ಮೇಲೆ ಬಂದರು. ಅವರು ಕಂಡದ್ದು ಇಷ್ಟು: ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಮುದುಕಿ, ಅವಳ ತೊಡೆಯ ಮೇಲೆ ಹೊಗೆಯಲ್ಲಿ ಸುಖವಾಗಿ ಆಕಳಿಸುವ ಕೂಸು.

"ಕೂಸಿನ್ನ ಬೇಯಸಾಕತ್ತೀರೇನು?" ಎಂದರು. ಆಮೇಲೆ ಮೂಗು ಅರಳಿಸಿದರು. "ಅಲ್ಲ, ಇದು ನಮ್ಮ ಚರ್ಚಿನ ವಾಸನಿ ಐತಲ್ಲ!" ಕಂಬಳಿ ಕೆಳಗಿಟ್ಟು ಕುರ್ಚಿಯ ಮೇಲೆ ಕುಳಿತರು. "ಇನ್ನಷ್ಟ ಹಾಕ್ರಿ. ಭಾನುವಾರ ಹೋಗೂದು ತಪ್ಪತು."

ಇನ್ನು ಮುಂದೆಯೂ ಮಾರ್ಗರೆಟ್ ಬಾಯಾರು ಹುನಗುಂದದವರ ಹಾಗೆಯೇ ಮಾತಾಡುತ್ತಾರೆ. ಅದು ಅವರ ತಪ್ಪಲ್ಲ. ಅವರು ಆಡಿದ್ದು ಇಂಗ್ಲಿಷು, ನನ್ನ ಕಿವಿಗೆ ಮುಟ್ಟಿಸಿದವಳು ಸುನಂದಾ. ನಾನು ಹುನಗುಂದದ ಮಾತಿನಲ್ಲಿ ಆಡಿದ್ದು ಅವರ ಕಿವಿಗೆ ಹೇಗೆ ಮುಟ್ಟಿತೋ ದೇವರೇ ಬಲ್ಲ.

ಶನಿವಾರ, ಗಾಜಿನೊಳಗಿನ ಅಂಗಿ

ಆ ಊರಿಗೊಂದು ಫುಟ್‌ಬಾಲ್ ಕ್ಲಬ್ಬು ಇದೆ. ಸಣ್ಣ ಕ್ಲಬ್ಬು. ಅಲ್ಲಿ ಆಡಿದವರು ಟಿವಿಯಲ್ಲಿ ಬರುವುದಿಲ್ಲ, ಮೀನಿನ ಅಂಗಡಿಯಲ್ಲಿ ಸಿಗುತ್ತಾರೆ. ಮೈದಾನದ ಹುಲ್ಲು ಎಷ್ಟು ಹಸಿರೆಂದರೆ, ಇಷ್ಟು ಮೇವನ್ನು ಒಂದು ಎಮ್ಮೆಯೂ ಇಲ್ಲದೆ ಸುಮ್ಮನೆ ಕತ್ತರಿಸಿ ಚೆಲ್ಲುತ್ತಾರಲ್ಲ ಎಂದು ನನಗೆ ಸಂಕಟವಾಯಿತು.

ಪ್ರತಿ ಶನಿವಾರ ಮಾರ್ಗರೆಟ್ ಬಾಯಾರು ಕ್ಲಬ್ಬಿಗೆ ಹೋಗಿ ಗೋಡೆಯ ಮೇಲಿನ ಒಂದು ಗಾಜನ್ನು ಒರೆಸುತ್ತಾರೆ. ಮೊಣಕಾಲು ನೋವಿನಿಂದ ಸ್ಟೂಲು ಹತ್ತಲು ಆಗುವುದಿಲ್ಲವೆಂದು ಆ ಶನಿವಾರ ನನ್ನನ್ನು ಕರೆದರು. ಕೂಸನ್ನು ಎತ್ತಿಕೊಂಡು ಸುನಂದಾ ಸಹ ಬಂದಳು. ಗಾಜಿನ ಹಿಂದೆ ದೇವರ ಫೋಟೋ ಇರಬಹುದೆಂದು ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದೆ. ಇದ್ದದ್ದು ಒಂದು ನೀಲಿ ಅಂಗಿ. ಬೆನ್ನ ಮೇಲೆ ಬಿಳಿಯ ಎಂಟು.

ಅದು ಅವರ ಗಂಡ ಟಾಮ್ ಅವರ ಅಂಗಿ. ಇಪ್ಪತ್ತೆರಡು ವರ್ಷ ಆ ಊರಿಗೇ ಆಡಿದರಂತೆ. ದೊಡ್ಡ ಊರಿನವರು ಕರೆದರೂ ಹೋಗಲಿಲ್ಲವಂತೆ. ಆಟ ಬಿಟ್ಟ ಎರಡು ವರ್ಷಕ್ಕೆ ಎದೆನೋವು ಬಂದು ಹೋಗಿಬಿಟ್ಟರು. ಊರು ಅತ್ತಿತು, ಎಂಟನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಠರಾವು ಮಾಡಿತು. ಅಂದಿನಿಂದ ಮೂವತ್ತು ವರ್ಷ, ಆ ಕ್ಲಬ್ಬಿನಲ್ಲಿ ಏಳರ ನಂತರ ಒಂಬತ್ತು. ಎಂಟರ ಜಾಗದಲ್ಲಿ ಆಡುವವರು ಹನ್ನೆರಡು ತೊಟ್ಟು ಆಡುತ್ತಾರೆ.

"ನಂಬರ್ ರಿಟೈರ್ ಮಾಡ್ಯಾರ, ಯವ್ವಾ," ಎಂದಳು ಸುನಂದಾ.

"ಪಿಂಚಣಿ ಎಷ್ಟು ಬರ್ತೈತಿ?" ಎಂದೆ. ಅದನ್ನು ಸುನಂದಾ ದಾಟಿಸಲಿಲ್ಲ.

ನನಗೆ ಮೊದಲು ನಗುವೇ ಬಂತು. ಕೆಲಸ ಬಿಟ್ಟವರಿಗೆ ರಿಟೈರು ಉಂಟು, ಲೆಕ್ಕದ ಅಂಕಿಗೆ ಉಂಟೇ? ನಮ್ಮಲ್ಲಿ ಯಾರೂ ಬೇಡವೆನ್ನುವ ನಂಬರು ಒಂದಿದೆ, ನಾನೂರಾ ಇಪ್ಪತ್ತು. ಅದನ್ನು ಬಿಟ್ಟದ್ದು ಪ್ರೀತಿಯಿಂದಲ್ಲ. ಆಮೇಲೆ ಬಾದಾಮಿಯ ಬಸ್ಸು ನೆನಪಾಗಿ, ಆ ಊರಿನವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾನು ಅಂದು ಸಿಟ್ಟಿನಿಂದ ಬಯಸಿದ್ದನ್ನು ಇವರು ಮೂವತ್ತು ವರ್ಷ ಮಾಡಿ ತೋರಿಸಿದ್ದಾರೆ.

ಗಾಜಿನ ಒಳಬದಿಗೆ ತೇವ ಹತ್ತಿತ್ತು. ಚೌಕಟ್ಟು ಕೆಳಗಿಳಿಸಿ ಬಿಚ್ಚಿದೆವು. ಅಂಗಿಯನ್ನು ಮುಟ್ಟಿದ ಕೂಡಲೇ ನನಗೆ ತಿಳಿಯಿತು. ತೋಳುಗಳನ್ನು ಹಿಂದಕ್ಕೆ ಮಡಿಚಿ ಪಿನ್ನು ಚುಚ್ಚಿದ್ದ ಗೆರೆಯುದ್ದಕ್ಕೂ ಬಟ್ಟೆ ತಾನಾಗಿಯೇ ಸೀಳುತ್ತಿತ್ತು. ನನ್ನ ಮದುವೆಯ ಇಳಕಲ್ ಸೀರೆಯೂ ಹೀಗೆಯೇ ಆಯಿತು. ಕೆಡಬಾರದೆಂದು ಉಡದೆ ಟ್ರಂಕಿನ ತಳದಲ್ಲಿ ಇಟ್ಟೆ. ಹತ್ತು ವರ್ಷದ ಮೇಲೆ ತೆಗೆದರೆ ರೇಷ್ಮೆಯ ಸೆರಗು ಮಡಿಕೆ ಮಡಿಕೆಗೂ ಬಿಟ್ಟಿತ್ತು. ಅದೇ ಅಂಗಡಿಯಲ್ಲಿ ಕೊಂಡ ನನ್ನ ಅಕ್ಕನ ಸೀರೆ, ಹಬ್ಬ ಮದುವೆ ಎಂದು ಉಟ್ಟು ಒಗೆದು, ಇನ್ನೂ ಗಟ್ಟಿಯಾಗಿತ್ತು. ಇದನ್ನು ಹೇಳಿದೆ. ಮಾರ್ಗರೆಟ್ ಬಾಯಾರು ಸೀಳಿದ ಗೆರೆಯ ಮೇಲೆ ಬೆರಳಾಡಿಸಿದರು.

ಆಗಲೇ ಒಳಗೆ ಬಂದವಳು ಅವರ ಮಗನ ಮಗಳು ಗ್ರೇಸ್, ಹತ್ತೊಂಬತ್ತರ ಹುಡುಗಿ. ಕ್ಲಬ್ಬಿನವರು ಹೊಸದಾಗಿ ಹೆಣ್ಣುಮಕ್ಕಳ ತಂಡ ಕಟ್ಟಿದ್ದರು. ಅಜ್ಜ ಆಡಿದ ಜಾಗದಲ್ಲೇ ಇವಳೂ ಆಡುತ್ತಾಳೆ. ಹನ್ನೆರಡು ಬೇಡವೆಂದು ಬೆನ್ನ ಮೇಲೆ ಇಪ್ಪತ್ತೆಂಟು ಹಾಕಿಸಿಕೊಂಡಿದ್ದಳು. ಅವಳು ಕೈಯಿಂದ ಆ ಎರಡನ್ನು ಮುಚ್ಚಿ ಎಂಟನ್ನು ಮಾತ್ರ ತೋರಿಸಿದಳು.

"ಅಜ್ಜೀ, ಗುರುವಾರ ಸಭಾ ಐತಿ. ಚೀಟಿ ಬರದಿಯೇನು?"

"ನೋಡೂಣು," ಎಂದರು ಮಾರ್ಗರೆಟ್ ಬಾಯಾರು. ಆಟದ ಹೊಸ ಹಂಗಾಮಿಗೆ ನಂಬರು ಹಂಚುವ ಸಭೆ ಅದು. ಮನೆಯವರು ಒಪ್ಪಿ ಬರೆದುಕೊಟ್ಟರೆ ಮಾತ್ರ ಎಂಟರ ಮಾತು ತೆಗೆಯುವುದು ಎಂದು ಕ್ಲಬ್ಬಿನ ನಿಯಮ. ಮನೆಯವರು ಎಂದರೆ ಮಾರ್ಗರೆಟ್ ಬಾಯಾರು. ಗ್ರೇಸ್ ಒಂದು ತಿಂಗಳಿನಿಂದ ಕೇಳುತ್ತಿದ್ದಳು, ಅವರು ಒಂದು ತಿಂಗಳಿನಿಂದ ನೋಡುತ್ತಿದ್ದರು.

ಮಾರ್ಗರೆಟ್ ಬಾಯಾರ ಅಡುಗೆಮನೆ

ಸೋಮವಾರ ಅವರು ನಮ್ಮನ್ನು ಚಹಕ್ಕೆ ಕರೆದರು. ಅಲ್ಲಿ ಚಹವನ್ನು ಕುದಿಸುವುದಿಲ್ಲ, ಎಲೆಯ ಚೀಲವನ್ನು ಬಿಸಿನೀರಿಗೆ ತೋರಿಸಿ ತೆಗೆಯುತ್ತಾರೆ. ಕುಡಿದ ಹಾಗೆ ಮಾಡಿ ಕುಳಿತೆ.

"ಕೊಡಾಕ ಏನು ಅಡ್ಡಿ ಅಕ್ಕಾರ?" ಎಂದು ಕೇಳಿದೆ. ಅಷ್ಟು ಕೇಳಲು ನನಗೆ ಅರ್ಧ ಕಪ್ಪು ಚಹ ಬೇಕಾಯಿತು.

ಅವರು ಬಹಳ ಹೊತ್ತು ಚಮಚ ತಿರುಗಿಸಿದರು. "ಈಗ ಈ ಊರಾಗ ಯಾರರ ಎಂಟು ಅಂದ್ರ ಟಾಮ್ ನೆನಪಾಗ್ತಾನ. ನಾಳಿ ಗ್ರೇಸ್ ಅದನ್ನ ಹಾಕ್ಕೊಂಡ್ಲು ಅನ್ರಿ. ಚೊಲೊ ಆಡ್ತಾಳ ಆಕಿ. ಎರಡು ವರ್ಷದಾಗ ಎಂಟು ಅಂದ್ರ ಗ್ರೇಸ್ ಆಗ್ತೈತಿ. ಆವಾಗ ಟಾಮ್ ಎಲ್ಲಿ ಹೋಗ್ಬೇಕು?"

ಆ ಮಾತಿಗೆ ನಾನು ಸುಮ್ಮನಿರಬೇಕಿತ್ತು. ಹುಟ್ಟಿದಾಗಿನಿಂದ ಸುಮ್ಮನಿದ್ದವಳು ಅಂದೇ ಜಾಣಳಾದೆ. ನಮ್ಮ ಕಡೆ ಹಾಗಲ್ಲ ಎಂದೆ. ಹೋದವರ ಹೆಸರನ್ನು ನಾವು ಗೋಡೆಗೆ ತೂಗುಹಾಕುವುದಿಲ್ಲ, ತೊಟ್ಟಿಲಿಗೆ ಹಾಕುತ್ತೇವೆ ಎಂದೆ. ನನ್ನ ಮೊಮ್ಮಗನಿಗೆ ಅವನ ಮುತ್ಯಾನ ಹೆಸರೇ ಇದೆ, ಹೆಸರು ಮನೆಯೊಳಗೆ ಓಡಾಡುತ್ತದೆ, ಉಣ್ಣುತ್ತದೆ, ಸಾಲೆಗೆ ಹೋಗುತ್ತದೆ ಎಂದೆ. ಸುನಂದಾ ದಾಟಿಸುತ್ತ ಹೋದಳು. ಮಾರ್ಗರೆಟ್ ಬಾಯಾರ ಕಣ್ಣು ಅರಳಿತು.

"ಭಾಳ ಚಂದ ಐತಿ ನಿಮ್ಮ ಪದ್ಧತಿ. ಹಂಗಾರ ನೀವು ಆ ಹುಡುಗನ್ನ ಹೆಸರು ಹಿಡದು ಕರದಾಗ ಯಾರು ನೆನಪಾಗ್ತಾರ? ಗಂಡನೋ, ಮೊಮ್ಮಗನೋ?"

ನಾನು ಕಪ್ಪಿನ ತಳ ನೋಡಿದೆ.

"ಏನಂದ್ರು?" ಎಂದು ಅವರು ಸುನಂದಾಳನ್ನು ಕೇಳಿದರು.

"ಏನೂ ಅಂದಿಲ್ಲ. ಆಕಿ ಅವನ್ನ ಕರಿಯಂಗೇ ಇಲ್ಲ," ಎಂದಳು ಸುನಂದಾ. ಹೊಟ್ಟೆಯ ಮಗಳು. ಅಷ್ಟಕ್ಕೆ ನಿಲ್ಲಿಸದೆ ಎಲ್ಲವನ್ನೂ ಹೇಳಿದಳು. ಮದುವೆಯಾಗಿ ಬಂದ ದಿನ ನಾದಿನಿ ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಎಂದದ್ದು. ಒಡಪು ಎಂದರೆ ಪ್ರಾಸ ಜೋಡಿಸಿದ ಎರಡು ಮೂರು ಸಾಲು, ಹೆಂಗಸು ಗಂಡನ ಹೆಸರನ್ನು ಹೇಳಬಹುದಾದ ಒಂದೇ ದಾರಿ. ನನ್ನ ಅಕ್ಕ ನನಗೆ ಒಂದು ಒಡಪನ್ನು ಒಂದು ವಾರ ಬಾಯಿಪಾಠ ಮಾಡಿಸಿದ್ದಳು. ಹೊಸ್ತಿಲಿನ ಮೇಲೆ ನನ್ನ ನಾಲಿಗೆ ಏಳಲಿಲ್ಲ. ಬಿಸಿಲು ಏರಿತು, ವರನ ಕಡೆಯವರಿಗೆ ಹಸಿವಾಯಿತು. ಅತ್ತೆ ಕನಿಕರಪಟ್ಟು, "ಹೋಗ್ಲಿ ಬಿಡ್ರೆ, ಒಳಗ ಬರ್ಲಿ," ಎಂದರು. ಹೆಸರು ಹೇಳದೆ ಹೊಸ್ತಿಲು ದಾಟಿದ ಸೊಸೆ ನಾನು. ಆಮೇಲೆ ಯಾವ ಮದುವೆಯಲ್ಲಿ ಕೇಳಿದರೂ ಹೇಳಲಿಲ್ಲ. ಗಂಡ ಹೋದವಳಿಗಂತೂ ಯಾರೂ ಒಡಪು ಕೇಳುವುದಿಲ್ಲ.

ಮಾರ್ಗರೆಟ್ ಬಾಯಾರು ನಗಲು ಹತ್ತಿದವರು ಕಟ್ಟಿಸಿದ ಹಲ್ಲು ಹಿಡಿದುಕೊಂಡು ನಕ್ಕರು.

"ನನಗ ಬುದ್ಧಿ ಹೇಳಾಕ ಬಂದ್ರಿ! ನಾ ಗಾಜಿನ್ಯಾಗ ಬರೇ ಅಂಗಿ ಇಟ್ಟೇನಿ. ನೀವು ಅಂಗಿ ಜೋಡಿ ಕೂಸಿನ್ನೂ ಇಟ್ಟೀರಲ್ರಿ!"

ನಾನು ನಗಲಿಲ್ಲ. ಹಗ್ಗ ಕೊಟ್ಟು ಬಾಗಿಲಲ್ಲಿ ನಿಂತ ತಮ್ಮಾ, ನೀನು ಆ ಅಡುಗೆಮನೆಯ ಬಾಗಿಲಲ್ಲಿಯೂ ನಿಂತ ಹಾಗಾಯಿತು.

ಅವರು ನಗು ನಿಲ್ಲಿಸಿ ನನ್ನ ಕೈ ಹಿಡಿದರು. "ಗುರುವಾರ ನೀವು ಹೆಸರು ಹೇಳ್ರಿ, ಊರಿಗಿ ಹೋಗಿ ಆ ಹುಡುಗನ್ನೂ ಕರೀರಿ. ನಾ ನಂಬರ ಬಿಡ್ತೇನಿ."

ನಾನು ತಲೆಯಾಡಿಸಿದೆ. ಒಪ್ಪಿದೆ ಎಂದು ಅವರು ತಿಳಿದರು. ನಮ್ಮ ಕಡೆ ತಲೆ ಹೇಗೆ ಆಡುತ್ತದೆ ಎಂಬುದು ಇಂಗ್ಲಿಷರಿಗೆ ಇನ್ನೂ ಗೊತ್ತಾಗಿಲ್ಲ.

ಗುರುವಾರ, ಕ್ಲಬ್ಬಿನ ಸಭೆ

ಅದು ಆಗಸ್ಟ್ ತಿಂಗಳು, ಅಲ್ಲಿ ಸಂಜೆ ಏಳಾದರೂ ಬಿಸಿಲು. ಕ್ಲಬ್ಬಿನಲ್ಲಿ ಮೂವತ್ತು ಜನ ಸೇರಿದ್ದರು. ನಮ್ಮ ಪಂಚಾಯಿತಿ ಸಭೆಗೂ ಅದಕ್ಕೂ ವ್ಯತ್ಯಾಸವೆಂದರೆ, ಅಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯುತ್ತಾರೆ. ಕೇಳುತ್ತಾರೆ ಎಂದು ನಾನು ಹೇಳಲಾರೆ.

ಅಧ್ಯಕ್ಷರು ಬಿಲ್ ಎಂಬವರು, ಕಿವಿಗೆ ಯಂತ್ರ, ಟಾಮ್ ಜೊತೆ ಆಡಿದವರು. ಅವರೇ ಮೊದಲು ವಿರೋಧಿಸಿದರು. "ಎಂಟು ಹಾಕ್ಕೊಂಡಾಕಿ ಒಂದು ಗೋಲ್ ತಪ್ಪಿಸಿದ್ಲು ಅಂದ್ರ, ಟಾಮ್ ಇದ್ದಿದ್ರ ತಪ್ಪತಿದ್ದಿಲ್ಲ ಅಂತ ಎಲ್ಲಾರೂ ಬಾಯಿ ಮಾಡ್ತಾರ. ಆ ಭಾರ ಸಣ್ಣ ಹುಡುಗಿ ಮ್ಯಾಲ ಯಾಕ?"

"ಟಾಮ್ ಬೇಕಾದಷ್ಟು ತಪ್ಪಿಸ್ಯಾನ," ಎಂದರು ಮಾರ್ಗರೆಟ್ ಬಾಯಾರು. "ಪ್ರತಿ ಸರ್ತಿ ಬೈದಾಂವ ನೀನ."

ಬಿಲ್ ಕಿವಿಯ ಯಂತ್ರವನ್ನು ಸರಿ ಮಾಡಿಕೊಂಡರು.

ಮೀನಿನ ಅಂಗಡಿಯವರು ಎದ್ದು, ದೊಡ್ಡವರಾದವರ ನಂಬರನ್ನೆಲ್ಲ ಗೋಡೆಗೆ ಏರಿಸುತ್ತ ಹೋದರೆ ಮುಂದಿನವರು ಬೆನ್ನ ಮೇಲೆ ಟೆಲಿಫೋನ್ ನಂಬರು ಬರೆದುಕೊಂಡು ಆಡಬೇಕಾದೀತು ಎಂದರು. ಇನ್ನೊಬ್ಬರು, ನಂಬರು ಕೊಟ್ಟುಬಿಟ್ಟರೆ ಈ ಊರಿಗೆ ಟಾಮ್ ಎಂಬವರು ಇದ್ದರೆಂದು ಮಕ್ಕಳಿಗೆ ಯಾರು ಹೇಳಬೇಕು ಎಂದರು. ಇಬ್ಬರ ಮಾತೂ ನನಗೆ ಸರಿ ಎನಿಸಿತು. ಸಭೆಗಳಲ್ಲಿ ನನಗೆ ಯಾವಾಗಲೂ ಇದೇ ತೊಂದರೆ. ಕೊನೆಗೆ ಗ್ರೇಸ್ ಎದ್ದಳು.

"ನಾ ಅಜ್ಜ ಆಗಾಕ ಕೇಳಾಕತ್ತಿಲ್ಲ. ಅಜ್ಜ ನಿಂತ ಜಾಗಾದಾಗ ನಿಂದರಾಕ ಕೇಳಾಕತ್ತೇನಿ. ಅವನ್ನ ನಾ ನೋಡೇ ಇಲ್ಲ. ಗಾಜು ನೋಡೇನಿ."

ಎಲ್ಲರೂ ಮಾರ್ಗರೆಟ್ ಬಾಯಾರ ಕಡೆ ನೋಡಿದರು. ಅವರು ನನ್ನ ಕಡೆ ನೋಡಿದರು. "ಚೀಟಿ ಬರದೇನಿ, ಕಿಸೆದಾಗ ಐತಿ. ಅದಕ್ಕೂ ಮೊದ್ಲ ಈ ಅಕ್ಕಾರು ಒಂದು ಮಾತು ಹೇಳೂದು ಐತಿ," ಎಂದರು.

ಮೂವತ್ತು ತಲೆ ನನ್ನ ಕಡೆ ತಿರುಗಿದವು. ಎದ್ದು ನಿಂತೆ. ಕುಳಿತುಬಿಡೋಣ ಎಂದುಕೊಂಡೆ. ಗ್ರೇಸ್ ಎದುರಿಗೇ ನಿಂತಿದ್ದಳು, ಬೆನ್ನ ಮೇಲಿನ ನಂಬರು ನನಗೆ ಕಾಣುತ್ತಿರಲಿಲ್ಲ, ಮುಖ ಕಾಣುತ್ತಿತ್ತು. ಆ ಮುಖದಲ್ಲಿ ಇದ್ದದ್ದು ತಮ್ಮಾ, ನಿನ್ನ ಪ್ರಶ್ನೆಯೇ. ಅಜ್ಜೀ, ನಾನು ನಿನಗ ಸೇರೂದಿಲ್ಲೇನು?

ಸೆರಗು ತಲೆಯ ಮೇಲೆ ಎಳೆದುಕೊಂಡೆ. ನಲವತ್ತೇಳು ವರ್ಷದ ಹಿಂದೆ ಅಕ್ಕ ಕಲಿಸಿದ ಒಡಪು, ಅಂದು ಹೊಸ್ತಿಲಿನ ಮೇಲೆ ಬಾರದೆ ಗಂಟಲಲ್ಲಿ ಉಳಿದದ್ದು, ಹಾಗೆಯೇ ಮಡಿಕೆ ಮುರಿಯದೆ ಇತ್ತು.

"ಇಳಕಲ್ಲ ಸೀರಿಗಿ ಕೆಂಪಾದ ಸೆರಗ,
ಹೊಸ್ತಿಲ ಮುಂದ ನಿಂತೇನಿ ಹೊರಗ,
ಸಂಗಪ್ಪನ ಹೆಸರ್ಹೇಳಿ ಬರ್ತೇನಿ ಒಳಗ."

ಸುನಂದಾ ದಾಟಿಸಬೇಕಿತ್ತು, ಅವಳು ಕೂಸಿನ ಟೊಪ್ಪಿಗೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

"ಏನಂದ್ರು ಅವರು?" ಎಂದು ಬಿಲ್ ಕೇಳಿದರು.

"ನಮ್ಮಪ್ಪನ ಹೆಸರು ಹೇಳಿದ್ಲು," ಎಂದಳು ಸುನಂದಾ.

"ಭಾಳ ಉದ್ದ ಐತಿ ಹೆಸರು," ಎಂದರು ಬಿಲ್.

ಮಾರ್ಗರೆಟ್ ಬಾಯಾರು ಚೀಟಿ ತೆಗೆದು ಮೇಜಿನ ಮೇಲೆ ಇಟ್ಟರು. ಆಮೇಲೂ ಕ್ಲಬ್ಬಿನವರು ಅರ್ಧ ತಾಸು ಚರ್ಚೆ ಮಾಡಿ, ಒಂದು ಹಂಗಾಮಿಗೆ ಮಾತ್ರ ಪ್ರಾಯೋಗಿಕವಾಗಿ ಎಂದು ಬರೆದುಕೊಂಡರು. ನಲವತ್ತೇಳು ವರ್ಷಕ್ಕೆ ಒಮ್ಮೆ ಬಾಯಿ ತೆರೆದವಳ ಮಾತೂ ಕಡತದಲ್ಲಿ ಪ್ರಾಯೋಗಿಕವಾಯಿತು.

ಭಾನುವಾರದ ಆಟ

ಸಮುದ್ರದ ಗಾಳಿಗೆ ಹೆದರಿ ಮೂರು ಸ್ವೆಟರು ಹಾಕಿ, ಸೀರೆಯ ನಿರಿಗೆಯನ್ನು ಬೂಟಿನೊಳಗೆ ಸಿಕ್ಕಿಸಿ ಆಟ ನೋಡಲು ನಿಂತೆ. ಹೊಸ ಅಂಗಿ, ಹೊಸ ಎಂಟು. ಹಳೆಯದನ್ನು ನಾನೇ ಬೇರೆ ಕಡೆ ಮಡಿಕೆ ಹಾಕಿ ಗಾಜಿನೊಳಗೆ ಇಟ್ಟಿದ್ದೆ.

ಹತ್ತು ನಿಮಿಷವಾಗಿತ್ತು. ಗ್ರೇಸ್ ಕಾಲಿಗೆ ಚೆಂಡು ಸಿಕ್ಕಿತು. ಎದುರಿಗೆ ಗೋಲು ಕಾಯುವವಳು ಒಬ್ಬಳೇ. ಗ್ರೇಸ್ ಒದ್ದಳು, ಚೆಂಡು ಮೈದಾನ ಬಿಟ್ಟು ಕಾರು ನಿಲ್ಲಿಸುವ ಜಾಗಕ್ಕೆ ಹೋಯಿತು.

"ಟಾಮ್ ಇದ್ದಿದ್ರ ತಪ್ಪತಿದ್ದಿಲ್ಲ!" ಎಂದು ಬಿಲ್ ಕೂಗಿದರು.

ಮಾರ್ಗರೆಟ್ ಬಾಯಾರು ಕೋಲು ಎತ್ತಿದರು. "ಟಾಮ್ ಇದ್ದಿದ್ರ ನಿನ್ನ ಕಾರ್ ಗಾಜು ಒಡೀತಿದ್ದ!"

ಸುತ್ತಲಿದ್ದವರು ನಕ್ಕರು. ಪಕ್ಕದಲ್ಲಿ ಒಬ್ಬಳು ತಾಯಿ ತನ್ನ ಮಗಳಿಗೆ ಬಗ್ಗಿ ಏನೋ ಹೇಳತೊಡಗಿದಳು. ಸುನಂದಾ ಕಿವಿಗೊಟ್ಟು, "ಟಾಮ್ ಅಂದ್ರ ಯಾರು ಅಂತ ಆ ಹುಡುಗಿ ಕೇಳಾಕತ್ತೈತಿ, ಯವ್ವಾ," ಎಂದಳು. ಮಾರ್ಗರೆಟ್ ಬಾಯಾರಿಗೂ ಅದು ಕೇಳಿಸಿತ್ತು. ಟಾಮ್ ಎಲ್ಲಿ ಹೋಗಬೇಕು ಎಂದಿದ್ದರಲ್ಲ, ಟಾಮ್ ಮೈದಾನದ ತುಂಬ ಇದ್ದರು.

ದೊಡ್ಡ ಆಟಗಾರನ ನಂಬರನ್ನು ಯಾವಾಗ ಎತ್ತಿಡಬೇಕು ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಗೋಲು ಯಾವ ಕಡೆ ಎಂದೇ ನನಗೆ ತಿಳಿದದ್ದು ಅರ್ಧ ಆಟ ಮುಗಿದ ಮೇಲೆ, ಅಷ್ಟರಲ್ಲಿ ಅವರು ಕಡೆ ಬದಲಿಸಿದರು. ಆದರೂ ಬರೆಯುತ್ತೇನೆ. ಎತ್ತಿಡುವುದು ತಪ್ಪಲ್ಲ. ಆಡುತ್ತಲೇ ಹೋದವರು, ಅಳು ಇನ್ನೂ ಆರದ ಮನೆ, ಜೊತೆಯವರು ಚೆಂಡು ಕೊಡಲು ತಿರುಗಿ ಈಗಲೂ ಅವರ ಮುಖವನ್ನೇ ಹುಡುಕುವ ಕಾಲ, ಆಗ ಎತ್ತಿಡಬೇಕು. ಬೇರೆಯವರ ಬೆನ್ನ ಮೇಲೆ ಆ ನಂಬರು ಕಂಡರೆ ಕಣ್ಣಿಗೆ ಚುಚ್ಚುತ್ತದೆ. ಬಾದಾಮಿಯ ಬಸ್ಸು ಒಂದು ದಿನ ನಿಲ್ಲಬೇಕಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಬದುಕಿರುವವರಿಗಂತೂ ಅದನ್ನು ಮಾಡಬಾರದು. ಮೀನು ಕೊಂಡು ಕ್ಲಬ್ಬಿಗೆ ಬಂದವರು ಗೋಡೆಯ ಮೇಲೆ ತಮ್ಮನ್ನೇ ನೋಡಿಕೊಳ್ಳುವುದು ಚೆನ್ನಾಗಿರುವುದಿಲ್ಲ. ಆದರೆ ಹೋದವರ ಆಟ ನೋಡಿದವರಿಗಿಂತ ಬರೀ ಗಾಜು ನೋಡಿದವರೇ ಊರಲ್ಲಿ ಹೆಚ್ಚಾದಾಗ, ಅದನ್ನು ತೊಟ್ಟು ಬೆವರುತ್ತೇನೆ ಎಂದು ಯಾರಾದರೂ ಬಂದು ಕೇಳಿದಾಗ, ಇಳಿಸಿ ಕೊಟ್ಟುಬಿಡಬೇಕು. ಅಂಗಡಿಯಲ್ಲಿ ಅಂಗಿ ಮಾರಲೆಂದು ಕೊಡಬಾರದು. ಕೇಳಿದವರ ಮುಖ ನೋಡಿ ಕೊಡಬೇಕು.

ಗ್ರೇಸ್ ಆ ದಿನ ಗೋಲು ಹೊಡೆಯಲಿಲ್ಲ. ತಂಡ ಸೋತಿತು.

ತಿರುಗಿ ಹುನಗುಂದ

ಬಾಗಲಕೋಟೆಯಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬಾಯಲ್ಲೇ ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಕುಳಿತ ಇಳಕಲ್ಲಿನ ಹೆಣ್ಣುಮಗಳು, "ಏನ್ರೀ, ಜಪ ಮಾಡಾಕತ್ತೀರೇನು?" ಎಂದು ಕೇಳಿದಳು. ಹೌದೆಂದೆ.

ಹುನಗುಂದದಲ್ಲಿ ನೀವಿಬ್ಬರೂ ಬಂದು ನಿಂತಿದ್ದಿರಿ. ಅಕ್ಷತಾ ಚೀಲ ಹಿಡಿದಳು. ನಾನು ಬಾಯಿ ತೆರೆದೆ. ಬಂದದ್ದು "ತಮ್ಮಾ" ಎಂದೇ. ನೀನು ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದೆ, ತಿರುಗಿ ನೋಡಲಿಲ್ಲ.

ಅರ್ಥವಾಗದ ಮೂವತ್ತು ಜನರ ಮುಂದೆ ಹೆಸರು ಹೇಳಿ ಬಂದು, ನಾನು ದೊಡ್ಡ ಧೈರ್ಯವಂತೆ ಎಂದುಕೊಂಡಿದ್ದೆ. ಈ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಇಲ್ಲಿ ಆ ಹೆಸರಿಗೆ ಒಂದು ಮುಖ ಇತ್ತು, ಒಂದು ಸೀಟು ಇತ್ತು, ಒಂದು ಹಾರ್ನು ಇತ್ತು. ಮಾರ್ಗರೆಟ್ ಬಾಯಾರ ಭಯವೇ ನನ್ನದೂ ಆಗಿತ್ತು ಎಂದು ಅಲ್ಲಿ ತಿಳಿಯಿತು. ನಾನು ನಿನ್ನನ್ನು ಆ ಹೆಸರಿನಿಂದ ಕರೆದರೆ, ಓ ಎನ್ನುವವನು ನೀನು. ಆಮೇಲೆ ಅವರು ಎಲ್ಲಿ ಹೋಗಬೇಕು? ಹೆಸರು ಸೇರದೆ ಅಲ್ಲ, ಬಹಳ ಸೇರಿದ್ದಕ್ಕೆ ಕರೆಯಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇದು. ಹಗ್ಗ ಕೇಳಿದ್ದು ಉತ್ತರವಾಗಿರಲಿಲ್ಲ.

ಮೊನ್ನೆ ಸುನಂದಾ ಫೋನು ಮಾಡಿದ್ದಳು. ಗ್ರೇಸ್ ಒಂದು ಗೋಲು ಹೊಡೆದಳಂತೆ. ಬಿಲ್ ಎದ್ದು ನಿಂತು "ಎಂಟು! ಎಂಟು!" ಎಂದು ಕೂಗಿದರಂತೆ. ಯಾರನ್ನು ಕೂಗಿದ್ದು ಎಂದು ಮಾರ್ಗರೆಟ್ ಬಾಯಾರು ಕೇಳಿದರೆ, ಕಿವಿ ಕೇಳಿಸದವರ ಹಾಗೆ ಮಾಡಿದರಂತೆ. ಆಮೇಲೆ ಮಾರ್ಗರೆಟ್ ಬಾಯಾರು ನನಗೊಂದು ಮಾತು ಕಳಿಸಿದ್ದಾರೆ. "ನಾ ಕೊಟ್ಟೇನಿ. ಅಕ್ಕಾರು ಊರಿಗಿ ಹೋಗಿ ಕರದ್ರೋ ಇಲ್ಲೋ?"

ಇಬ್ಬರು ಹೆಂಗಸರ ನಡುವಿನ ಮಾತು, ಮುರಿಯಲಾಗದು.

ಆದ್ದರಿಂದ ತಮ್ಮಾ, ಇದನ್ನು ಓದಿ ಮುಗಿಸಿದ ಮೇಲೆ ನೀನು ಎದ್ದು ಹೋಗಿ ತಲಬಾಗಿಲ ಹೊಸ್ತಿಲಿನ ಆಚೆ ನಿಲ್ಲು. ಅಕ್ಷತಾ, ನೀನು ಅಡ್ಡ ನಿಂತು ಅವನನ್ನು ತಡೆ. ನಾನು ಒಳಗಿನಿಂದ ಕರೆಯುತ್ತೇನೆ. ಕರೆಯುವವರೆಗೂ ಅವನನ್ನು ಒಳಗೆ ಬಿಡಬೇಡ. ಸ್ವಲ್ಪ ಹೊತ್ತು ಹಿಡಿದೀತು, ಬಿಸಿಲು ಏರಿದರೂ ನನ್ನ ಅತ್ತೆಯ ಹಾಗೆ ಕನಿಕರಪಡಬೇಡ.

ಅಕ್ಷತಾ, ಸಂಗಪ್ಪಾ, ಅದು ಮುಗಿದ ಮೇಲೆ ಈ ಹಾಳೆಗಳನ್ನು ಜೋಪಾನವಾಗಿ ಇಡಿ. ಟ್ರಂಕಿನ ತಳದಲ್ಲಿ ಮಾತ್ರ ಬೇಡ. ವರ್ಷಕ್ಕೊಮ್ಮೆ ತೆಗೆದು ಬಿಚ್ಚಿ, ಬೇರೆ ಕಡೆ ಮಡಿಕೆ ಹಾಕಿ ಇಡಿ.

ನಿಮ್ಮ ಆಯಿ